ಮೌಸಿಗೂ ಒಂದು ಟೋಕನ್

ಕಳೆದ ಭಾನುವಾರ ಮೊಮ್ಮಗಳು ಶಾಲೆಯ ವಾರ್ಷಿಕೋತ್ಸವದ ವೀಡಿಯೋ ತುಣುಕುಗಳನ್ನೆಲ್ಲ ಜೋಡಿಸಿ, ಒಂದು ಗುಂಡಿ ಒತ್ತಿ, "ತಾತಾ, ಇದು ತಯಾರಾಗಕ್ಕೆ ಒಂದು ಗಂಟೆ ಬೇಕು" ಅಂತ ಆಟಕ್ಕೆ ಓಡಿದಳು. ಅದೇ ಕಂಪ್ಯೂಟರಿನಲ್ಲಿ ನಾನು ಈ ಅಂಕಣ ಬರೆಯಲು ಕೂತೆ. 'ಕ' ಒತ್ತಿದರೆ ಅದು ಮೂಡುವಷ್ಟರಲ್ಲಿ ಒಂದು ಗುಟುಕು ಕಾಫಿ ಕುಡಿಯಬಹುದಿತ್ತು. ಮೌಸಿನ ಬಾಣವಂತೂ ಒಂದು ಕಡೆ ನಿಂತು ಯೋಚಿಸಿ, ಆಮೇಲೆ ದಡಕ್ಕನೆ ಇನ್ನೊಂದು ಕಡೆ ಹಾರುತ್ತಿತ್ತು.

ನನಗೆ ನಮ್ಮ ಹಳೇ ಕೌಂಟರ್ ನೆನಪಾಯಿತು. ಒಮ್ಮೆ ವ್ಯಾಪಾರಿಯೊಬ್ಬರು ಚೀಲದ ತುಂಬ ಚಿಲ್ಲರೆ ನೋಟು ತಂದಿದ್ದರು. ಅವರ ಸರದಿ ಮೊದಲು, ಎಣಿಸುತ್ತಾ ಕೂತೆ. ಹಿಂದೆ ಒಬ್ಬ ಅಜ್ಜಿ, ಪಾಸ್‌ಬುಕ್ಕಿಗೆ ಒಂದೇ ಒಂದು ನಮೂದು ಬೇಕಿತ್ತು. ಅರ್ಧ ನಿಮಿಷದ ಕೆಲಸ. ಮುಕ್ಕಾಲು ಗಂಟೆ ಕಾದರು, ಊರಿನ ಬಸ್ಸು ಹೋಗಿಬಿಟ್ಟಿತು. ನಿಯಮ ಮುರಿಯಲಿಲ್ಲ ನಾನು. ಆದರೂ ಆ ಮುಖ ಇವತ್ತಿಗೂ ಮರೆತಿಲ್ಲ.

ಮಕ್ಕಳೇ, ಕಂಪ್ಯೂಟರಿನೊಳಗೂ ಇಂಥ ಒಬ್ಬ ಗುಮಾಸ್ತ ಇದ್ದಾನೆ. ಅವನಿಗೆ ಶೆಡ್ಯೂಲರ್ ಎಂದು ಹೆಸರು. ಪ್ರೊಸೆಸರಿನ ಒಂದು ಕೋರ್ ಒಂದು ಕ್ಷಣಕ್ಕೆ ಒಂದೇ ಕೆಲಸ ಮಾಡುತ್ತಾ ಇರುತ್ತದೆ. ಕಾದಿರುವವು ಮಾತ್ರ ಹತ್ತಾರು. ಅದಕ್ಕೇ ಈತ ಒಬ್ಬೊಬ್ಬರಿಗೆ ಕೆಲವು ಮಿಲಿಸೆಕೆಂಡ್ ಕೊಟ್ಟು, "ಸಾಕು, ಎದ್ದೇಳಿ, ಮುಂದಿನವರು ಬನ್ನಿ" ಎನ್ನುತ್ತಾನೆ. ನೋಟಿನ ಚೀಲ ಅರ್ಧ ಎಣಿಸಿದ್ದರೂ ಸರಿ, ಪಕ್ಕಕ್ಕಿಟ್ಟು ಅಜ್ಜಿಯ ಪಾಸ್‌ಬುಕ್ ನೋಡುತ್ತಾನೆ. ನನಗೆ ಆ ಬುದ್ಧಿ ಬಂದಿರಲಿಲ್ಲ ನೋಡಿ!

ಈ ಅಜ್ಜಿಯ ಪರವಾಗಿ ಜಗಳವಾಡಿದವರೊಬ್ಬರಿದ್ದಾರೆ. ಆಸ್ಟ್ರೇಲಿಯಾದ ಕಾನ್ ಕೊಲಿವಾಸ್. ವೃತ್ತಿಯಲ್ಲಿ ಕಂಪ್ಯೂಟರ್ ಎಂಜಿನಿಯರ್ ಅಲ್ಲ, ಅರಿವಳಿಕೆ ಕೊಡುವ ವೈದ್ಯರು! ಲಿನಕ್ಸ್ ಎಂಬ ವ್ಯವಸ್ಥೆ ದೊಡ್ಡ ದೊಡ್ಡ ಯಂತ್ರಗಳಲ್ಲಿ ಚೆನ್ನಾಗಿ ಓಡಿದರೆ ಸಾಲದು, ಮನೆಯ ಕಂಪ್ಯೂಟರಿನಲ್ಲಿ ಹಾಡು ತಡವರಿಸಬಾರದು ಎಂಬುದು ಅವರ ಹಠ. ಆಗಿನ ಶೆಡ್ಯೂಲರ್, ಯಾವ ಕೆಲಸ ಹೆಚ್ಚು ಹೊತ್ತು ಸುಮ್ಮನೆ ಕಾಯುತ್ತದೆ ಎಂದು ನೋಡಿ, ಅದರ ಮುಂದೆ ಮನುಷ್ಯ ಕೂತಿರಬೇಕು ಎಂದು ಊಹಿಸುತ್ತಿತ್ತು. ಊಹೆ ಕೆಲವೊಮ್ಮೆ ತಪ್ಪುತ್ತಿತ್ತು. ಊಹೆ ಬಿಡಿ, ನ್ಯಾಯವಾಗಿ ಹಂಚಿ ಎಂದು ಕೊಲಿವಾಸ್ 2007ರಲ್ಲಿ ತಾವೇ ಒಂದನ್ನು ಬರೆದುಕೊಟ್ಟರು.

ಲಿನಕ್ಸಿನವರು ಅದನ್ನು ತೆಗೆದುಕೊಳ್ಳಲಿಲ್ಲ. ಹಂಗೇರಿಯ ಇಂಗೊ ಮೋಲ್ನಾರ್ ಅದೇ ನ್ಯಾಯದ ತತ್ವದ ಮೇಲೆ ಬರೆದ ಇನ್ನೊಂದು ಅದೇ ವರ್ಷದ ಅಕ್ಟೋಬರಿನಲ್ಲಿ ಒಳಸೇರಿತು. ಕೊಲಿವಾಸರ ಕೆಲಸದಿಂದ ಸ್ಫೂರ್ತಿ ಪಡೆದೆ ಎಂದು ಮೋಲ್ನಾರ್ ಒಪ್ಪಿಕೊಂಡರು. ವೈದ್ಯರಿಗೆ ಬೇಸರವಾಗಿ ಕೈಬಿಟ್ಟರು. ಆದರೂ ಸುಮ್ಮನಿರಲಾಗದೆ 2009ರಲ್ಲಿ ಮತ್ತೊಂದು ಬರೆದರು. ನನಗೆ ಈ ಮನುಷ್ಯ ಬಹಳ ಇಷ್ಟ.

ಮೋಲ್ನಾರ್ ಲೆಕ್ಕ ನಮ್ಮ ಲೆಡ್ಜರಿನಂತೆಯೇ. ಯಾರು ಎಷ್ಟು ಹೊತ್ತು ಓಡಿದರು ಎಂದು ಪ್ರತಿಯೊಬ್ಬರ ಖಾತೆಯಲ್ಲಿ ಬರೆದಿಡುವುದು. ಎಲ್ಲಕ್ಕಿಂತ ಕಡಿಮೆ ಓಡಿದವರಿಗೆ ಮುಂದಿನ ಸರದಿ. ಟೈಪಿಂಗ್ ಬಳಸುವ ಸಮಯ ಅಷ್ಟಿಷ್ಟೇ, ಹಾಗಾಗಿ ಅದಕ್ಕೆ ಬೇಗ ಕರೆ ಬರುತ್ತದೆ. 2023ರಲ್ಲಿ ಇದನ್ನೂ ಬದಲಿಸಿ, ಪ್ರತಿ ಕೆಲಸಕ್ಕೂ ಒಂದು ಗಡುವು ಹಾಕುವ ಹೊಸ ಪದ್ಧತಿ ತಂದಿದ್ದಾರೆ. ನಮ್ಮ ಮನೆಯದು ಹಳೇ ಯಂತ್ರ, ಅದಕ್ಕಿನ್ನೂ ಹಳೇ ಲೆಡ್ಜರೇ. ವೀಡಿಯೋ ಕೆಲಸವೋ, ತನ್ನಂಥ ಹತ್ತು ಜನರನ್ನು ಸಾಲಿನಲ್ಲಿ ನಿಲ್ಲಿಸಿತ್ತು. ಹತ್ತು ಜನರ ಮಧ್ಯೆ ನ್ಯಾಯವಾಗಿ ಹಂಚಿದರೂ ನನ್ನ ಪಾಲು ಎಷ್ಟು ಬಂದೀತು?

ಆಟ ಮುಗಿಸಿ ಬಂದ ಮೊಮ್ಮಗಳು ನನ್ನ ಗೊಣಗಾಟ ಕೇಳಿ 'ನೈಸ್' ಎಂಬ ಆಜ್ಞೆ ತೋರಿಸಿದಳು. ಎಲ್ಲ ಕೆಲಸಗಳಿಗೂ ಒಂದು ಸೌಜನ್ಯದ ಅಂಕವಂತೆ, ಮೈನಸ್ 20ರಿಂದ 19ರವರೆಗೆ. ಸಾಮಾನ್ಯವಾಗಿ ಸೊನ್ನೆ. ಅಂಕ ಹೆಚ್ಚಿದಷ್ಟೂ ಆ ಕೆಲಸ ಬೇರೆಯವರಿಗೆ ಜಾಗ ಬಿಡುತ್ತದೆ. ಹಿಂದಕ್ಕೆ ಸರಿಯುವುದಾದರೆ ಯಾರ ಅಪ್ಪಣೆಯೂ ಬೇಡ. ಸೊನ್ನೆಗಿಂತ ಕೆಳಗಿಳಿದು ಮುಂದಕ್ಕೆ ನುಗ್ಗಬೇಕಾದರೆ ಮಾತ್ರ ಯಂತ್ರದ ಯಜಮಾನನ ಪಾಸ್‌ವರ್ಡ್ ಬೇಕು. ಮ್ಯಾನೇಜರ್ ಸಹಿ ಇದ್ದಂತೆ!

ಅವಳು ವೀಡಿಯೋಗೆ 19 ಕೊಟ್ಟಳು. ಬಾಣ ಸರಾಗವಾಗಿ ಓಡತೊಡಗಿತು. ವೀಡಿಯೋ ಮುಗಿಯಲು ತಡವಾಯಿತೇ ಎಂದು ಕೇಳಿದೆ. "ಎರಡು ನಿಮಿಷ ಇರಬಹುದು ತಾತಾ, ನೀವು ಟೈಪ್ ಮಾಡೋ ಸ್ಪೀಡಿಗೆ ಅದಕ್ಕೇನು ತೊಂದರೆ ಆಗತ್ತೆ!" ಎಂದು ನಕ್ಕಳು.