ಹತ್ತು ಮೀಟರಿನ ಪೆಟ್ಟಿಗೆ

ಹೊರದೇಶಗಳಲ್ಲಿ ‘ಹತ್ತು ಮೀಟರ್ ಹ್ಯಾಮ್ ರೇಡಿಯೋ’ ಎಂಬ ಚೀಟಿ ಅಂಟಿಸಿ ಮಾರುವ, ಗಾಡಿಯಲ್ಲಿ ಕೂರಿಸುವ ಸೆಟ್ಟೊಂದಿದೆ. ಬಲ್ಲವರು ಅದನ್ನು ‘ಎಕ್ಸ್‌ಪೋರ್ಟ್ ಸೆಟ್’ ಎನ್ನುತ್ತಾರೆ. 12 ವೋಲ್ಟ್ ಬ್ಯಾಟರಿ ಇದ್ದರಾಯಿತು. ಎಎಂ, ಎಫ್‌ಎಂ ಜೊತೆಗೆ ಎಸ್‌ಎಸ್‌ಬಿ ಇರುವುದನ್ನೇ ಆರಿಸಬೇಕು; ದೂರದ ಮಾತುಕತೆಯೆಲ್ಲ ಹೆಚ್ಚಾಗಿ ಅದರಲ್ಲೇ.

ಹ್ಯಾಮ್‌ಗಳ ಈ ಪಟ್ಟಿ 28ರಿಂದ 29.7 ಮೆಗಾಹರ್ಟ್ಸ್. ಸೂರ್ಯನಲ್ಲಿ ಕಲೆಗಳು ಹೆಚ್ಚಿದ ವರ್ಷಗಳಲ್ಲಿ ಹಗಲು ಹೊತ್ತು ಅಯಾನುಗೋಳವು ಈ ಅಲೆಗಳನ್ನು ನೆಲಕ್ಕೆ ಮರಳಿಸುತ್ತದೆ. ಆಗ ಆಯನೂರಿನ ಹೆದ್ದಾರಿ ಬದಿಯ ಜೀಪಿನಿಂದ ಹತ್ತಿಪ್ಪತ್ತು ವಾಟ್‌ನಲ್ಲೇ ಯುರೋಪಿಗೆ ದನಿ ಮುಟ್ಟೀತು, ಭದ್ರಾವತಿಗೆ ಮುಟ್ಟದೇ ಹೋದೀತು! ಅಲೆ ನಡುವಿನ ನೆಲವನ್ನು ಹಾರಿಹೋಗುತ್ತದೆ.

ವಾಟ್‌ಗಿಂತ ಆಂಟೆನಾ ದೊಡ್ಡದು. ಕಾಲು ಅಲೆಯ ಕಡ್ಡಿ ಸುಮಾರು ಎರಡೂವರೆ ಮೀಟರ್. ಅದರ ಬುಡ ಗಾಡಿಯ ಲೋಹದ ಮೈಗೆ ಚೆನ್ನಾಗಿ ಕೂಡಿರಬೇಕು. ಎಸ್‌ಡಬ್ಲ್ಯುಆರ್ ಮೀಟರ್ ನೋಡದೆ ಮೈಕಿನ ಗುಂಡಿ ಒತ್ತಿದರೆ ಟ್ರಾನ್ಸಿಸ್ಟರ್ ಸುಟ್ಟೀತು.

ತಕರಾರು ಬೇರೆಯೇ ಇದೆ. ಒಳಗಿನ ಒಂದು ತಂತಿ ಬದಲಿಸಿದರೆ ಇಂಥ ಹಲವು ಸೆಟ್ಟುಗಳು 27 ಮೆಗಾಹರ್ಟ್ಸಿನ ಸಿಟಿಜನ್ ಬ್ಯಾಂಡಿಗೆ ಇಳಿಯುತ್ತವೆ. ವ್ಯಾಪಾರದ ಗುಟ್ಟೇ ಇದು. ಅಲ್ಲಿ 2005ರ ನಿಯಮ ಪರವಾನಗಿಯಿಂದ ವಿನಾಯಿತಿ ಕೊಟ್ಟದ್ದು 5 ವಾಟ್‌ವರೆಗಿನ ಸಣ್ಣ ಸೆಟ್ಟುಗಳಿಗೆ ಮಾತ್ರ. 28ರಲ್ಲಿ ಮಾತನಾಡಲು ಪರೀಕ್ಷೆ ಪಾಸಾಗಿ ಹ್ಯಾಮ್ ಪರವಾನಗಿ ಪಡೆದಿರಲೇಬೇಕು. ಹಳೆಯ ಸೆಟ್ ಕೊಳ್ಳುವವರು ಆ ತಂತಿ ಹೇಗಿದೆಯೆಂದು ಮುಚ್ಚಳ ಬಿಚ್ಚಿಸಿ ನೋಡುವುದು ಲೇಸು.