ಪಾಠಯೋಜನೆಯಲ್ಲಿ ಒಂದು ತೆರೆದ ಪ್ರಶ್ನೆಗೂ ಜಾಗವಿರಲಿ

ಬಿ.ಎಸ್ಸಿ. ಮುಗಿಸಿ ಬಿ.ಇಡಿ.ಗೆ ಬಂದ ನಮಗೆ "ಇನ್ನು ಗಣಿತ ಕಲಿಯುವುದು ಮುಗಿಯಿತು, ಕಲಿಸುವುದಷ್ಟೇ ಬಾಕಿ" ಎಂಬ ಮಾತು ಆಗಾಗ ಕೇಳಿಬರುತ್ತದೆ. ಸಂಶೋಧಕರು ಅತ್ತ, ಶಾಲಾ ಶಿಕ್ಷಕರು ಇತ್ತ ಎಂದು ನಾವೇ ಗೆರೆ ಎಳೆದುಕೊಂಡಿದ್ದೇವೆ. ಆ ಗೆರೆಯನ್ನು ಒಪ್ಪದ ಪ್ರಾಧ್ಯಾಪಕರೊಬ್ಬರಿದ್ದಾರೆ: ಆರ್. ರಾಮಾನುಜಂ.

ಚೆನ್ನೈನ ಗಣಿತ ವಿಜ್ಞಾನ ಸಂಸ್ಥೆಯಲ್ಲಿ ಅವರದು ಸೈದ್ಧಾಂತಿಕ ಗಣಕ ವಿಜ್ಞಾನದ ಸಂಶೋಧನೆ. ಅದರ ಜೊತೆಗೇ ತಮಿಳುನಾಡು ಸೈನ್ಸ್ ಫೋರಂನಲ್ಲಿ ದುಡಿದರು. ಮಕ್ಕಳ ವಿಜ್ಞಾನ ಪತ್ರಿಕೆ 'ತುಳಿರ್'ನ ಸಂಪಾದಕರಾದರು. ತುಳಿರ್ ಎಂದರೆ ನಮ್ಮ ತಳಿರು. ಮುಂದೆ ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯಕ್ಕೂ ಬಂದರು. ವಿಜ್ಞಾನ ಜನಪ್ರಿಯಗೊಳಿಸಿದ್ದಕ್ಕಾಗಿ 2020ರ ಇಂದಿರಾ ಗಾಂಧಿ ಪ್ರಶಸ್ತಿ ಅವರಿಗೆ ಸಂದಿತು.

ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005ಕ್ಕಾಗಿ ಗಣಿತ ಬೋಧನೆಯ ಕುರಿತು ವರದಿ ಕೊಟ್ಟ ತಜ್ಞರ ಗುಂಪಿಗೆ ಅವರೇ ಅಧ್ಯಕ್ಷರು. ಬಹುಪಾಲು ಮಕ್ಕಳಲ್ಲಿರುವ ಗಣಿತದ ಭಯ, ಯಾಂತ್ರಿಕ ಲೆಕ್ಕವನ್ನಷ್ಟೇ ಅಳೆಯುವ ಪರೀಕ್ಷೆ, ಶಿಕ್ಷಕರ ಸಿದ್ಧತೆಯ ಕೊರತೆ – ಇವನ್ನು ಆ ವರದಿ ನೇರವಾಗಿ ಹೇಳಿತು. ಮಗು ಗಣಿತದ ರೀತಿಯಲ್ಲಿ ಯೋಚಿಸುವಂತಾಗುವುದೇ ಮುಖ್ಯ ಗುರಿ ಎಂದಿತು.

ಇದು ನಮ್ಮ ತರಗತಿಯಲ್ಲಿ ಸಾಧ್ಯವೇ? ಎಂ.ಸಿ.ಸಿ. ಬಡಾವಣೆಯ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸದ ವೇಳೆ ಎಂಟನೇ ತರಗತಿಗೆ ಘಾತಾಂಕಗಳ ಪಾಠವಿತ್ತು. "1ರಿಂದ 100ರೊಳಗೆ ಒಂದು ಸಂಖ್ಯೆ ನೆನೆಸಿಕೊಳ್ಳಿ. ಹೌದು, ಅಲ್ಲ ಎಂದಷ್ಟೇ ಉತ್ತರಿಸಿ; 7 ಪ್ರಶ್ನೆಗಳಲ್ಲಿ ಹೇಳುತ್ತೇನೆ" ಎಂದೆ. ಪ್ರತಿ ಪ್ರಶ್ನೆಗೂ ಉಳಿದ ಸಂಖ್ಯೆಗಳು ಅರ್ಧವಾಗುತ್ತವೆಂದು ಮಕ್ಕಳೇ ಕಂಡುಕೊಂಡರು. 2ರ 6ನೇ ಘಾತ 64, ಸಾಲದು. 7ನೇ ಘಾತ 128, ಸಾಕು. "ಸಾವಿರದವರೆಗೆ ಆದ್ರೆ ಮಿಸ್?" ಎಂದಳು ಹಿಂದಿನ ಬೆಂಚಿನ ಹುಡುಗಿ. 2ರ 10ನೇ ಘಾತ 1024 ಎಂದು ಲೆಕ್ಕ ಹಾಕಿ, ಹತ್ತು ಎಂದು ಉತ್ತರಿಸಿದ್ದೂ ಅವಳೇ. ಗಣಕ ವಿಜ್ಞಾನದ ಮೂಲಭೂತ ಹುಡುಕಾಟ ವಿಧಾನವೊಂದು ಕಂಪ್ಯೂಟರೇ ಇಲ್ಲದ ಕೋಣೆಗೆ ಬಂದಿತ್ತು.

ಆದರೆ ಅವಳ ಆ ಪ್ರಶ್ನೆಯನ್ನು ಬರೆದುಕೊಳ್ಳಲು ವೀಕ್ಷಣಾ ನಮೂನೆಯಲ್ಲಿ ಕಾಲಂ ಇಲ್ಲ. ಪೀಠಿಕೆ, ಕಪ್ಪುಹಲಗೆ ಬಳಕೆ, ಮೌಲ್ಯಮಾಪನ, ಗೃಹಕೆಲಸ – ಎಲ್ಲಕ್ಕೂ ಅಂಕಗಳಿವೆ. ಅಂಕ ಇಲ್ಲದ್ದನ್ನು ಪ್ರಶಿಕ್ಷಣಾರ್ಥಿಗಳು ಮೆಲ್ಲಗೆ ಕೈಬಿಡುತ್ತಾರೆ.

ಅವಧಿ ಚಿಕ್ಕದು, ಎಸ್ಸೆಸ್ಸೆಲ್ಸಿ ಫಲಿತಾಂಶದ ಒತ್ತಡ ದೊಡ್ಡದು, ನಿಜ. ನಾನು ಕೇಳುತ್ತಿರುವುದು ವಾರಕ್ಕೆ ಹತ್ತು ನಿಮಿಷ ಮಾತ್ರ. "ವಿದ್ಯಾರ್ಥಿಗಳು ಎತ್ತಿದ ಪ್ರಶ್ನೆ, ಅದನ್ನು ಬೆಳೆಸಿದ ರೀತಿ" ಎಂಬ ಒಂದು ಕಾಲಂ ನಮೂನೆಗೆ ಸೇರಲಿ. ಮಾರ್ಗದರ್ಶಕ ಉಪನ್ಯಾಸಕರು ಅದಕ್ಕೂ ಅಂಕ ಕೊಡಲಿ. ಗಣಿತ ಮಾಡುವುದನ್ನು ನಿಲ್ಲಿಸದ ಶಿಕ್ಷಕರು ತಯಾರಾಗುವುದು ಅಂಥ ಸಣ್ಣ ಜಾಗದಲ್ಲೇ.