ಹಾಲೆಯ ಮರ, ಕಾಸರಕನ ಮರ

ಆಟಿ ತಿಂಗಳ ಅಮಾವಾಸ್ಯೆಯಂದು ಕೋಳಿ ಕೂಗುವ ಮುನ್ನವೇ ತುಳುನಾಡಿನ ಮನೆಗಳ ಬಾಗಿಲು ತೆರೆಯುತ್ತದೆ. ಕಾಪುವಿನ ಕಡಲ ತಡಿಯಿಂದ ಕಾರ್ಕಳದ ಕರಿಬಂಡೆಗಳ ಬುಡದವರೆಗೆ, ಮನೆಯ ಹಿರಿಯನೊಬ್ಬನು ಮಳೆಯಲ್ಲಿ ನೆನೆಯುತ್ತ ಹಾಲೆಯ ಮರವನ್ನು ಅರಸಿ ಹೋಗುತ್ತಾನೆ. ಕತ್ತಿಯನ್ನು ಸೋಕಿಸದೆ, ಕಲ್ಲಿನಿಂದ ಜಜ್ಜಿ ತೊಗಟೆಯನ್ನು ಬಿಡಿಸಿ ತರುತ್ತಾನೆ. ಅರೆದು ಹಿಂಡಿದ ರಸಕ್ಕೆ ಮೆಣಸು, ಬೆಳ್ಳುಳ್ಳಿ, ಓಮ ಸೇರುತ್ತವೆ. ಕೆಂಡದಲ್ಲಿ ಕಾಯಿಸಿದ ಬೆಣಚುಕಲ್ಲು ಅದರಲ್ಲಿ ಚುಂಯ್ ಎಂದು ಮುಳುಗುತ್ತದೆ. ಬರಿಹೊಟ್ಟೆಯಲ್ಲಿ ಆ ಕಹಿಯನ್ನು ನುಂಗಿ, ಬಳಿಕ ಮೆಂತೆಯ ಗಂಜಿಯಿಂದ ನಾಲಗೆಯನ್ನು ಸಂತೈಸುವುದು ವಾಡಿಕೆ. ವರ್ಷವಿಡೀ ಬೇಕಾದ ಆರೋಗ್ಯ ಆ ಒಂದು ಗುಟುಕಿನಲ್ಲಿದೆಯೆಂದು ಹಿರಿಯರ ನಂಬಿಕೆ.

ಆದರೆ ಆ ನಸುಕಿನ ಕತ್ತಲೆಯಲ್ಲಿ ಅಪಾಯವೂ ಹೊಂಚಿ ಕುಳಿತಿರುತ್ತದೆ. ಹಾಲೆಯೆಂದು ಭ್ರಮಿಸಿ ಕಾಸರಕನ ತೊಗಟೆಯನ್ನು ತಂದು, ಕುಡಿದವರು ಆಸ್ಪತ್ರೆ ಸೇರಿದ ಪ್ರಸಂಗಗಳುಂಟು. ಹಾಲೆಗೆ ಗೊಂಚಲಿಗೆ ಏಳರಂತೆ ಎಲೆಗಳು. ಸಪ್ತಪರ್ಣವೆಂಬ ಹೆಸರು ಬಂದುದೇ ಅದರಿಂದ. ಗೀರಿದರೆ ಬಿಳಿಯ ಹಾಲು ಒಸರುತ್ತದೆ. ಕಾಸರಕನಿಗೆ ಎಲೆಗಳು ಎದುರುಬದುರು ಜೋಡಿ, ಹಾಲಿಲ್ಲ. ಹಗಲಲ್ಲಿ ಇಷ್ಟು ಸ್ಪಷ್ಟವಾದ ಭೇದ ಕತ್ತಲಲ್ಲಿ ಕಾಣದು. ನಾಲಗೆಯನ್ನು ಕೇಳೋಣವೆಂದರೆ, ಎರಡೂ ಕಹಿಯೇ!

ಇದಕ್ಕೊಪ್ಪುವ ಸಂಗತಿಯೊಂದು ವಿಜ್ಞಾನದ ಚರಿತ್ರೆಯಲ್ಲಿದೆ. ಪ್ಯಾರಿಸ್ ನಗರದ ಪೆಲತಿಯೇ ಮತ್ತು ಕವಾಂತು ಎಂಬ ಇಬ್ಬರು ಔಷಧ ತಜ್ಞರು 1818ರಲ್ಲಿ ಸ್ಟ್ರಿಕ್ನಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಕಾಸರಕನ ಬೀಜದಲ್ಲಿರುವ ಘೋರ ವಿಷವೇ ಅದು. ಎರಡು ವರ್ಷಗಳ ಮೇಲೆ, 1820ರಲ್ಲಿ, ಅದೇ ಕೈಗಳು ಸಿಂಕೋನ ಮರದ ತೊಗಟೆಯಿಂದ ಕ್ವಿನೈನನ್ನು ಪಡೆದುವು. ಒಂದು ಕಹಿ ಕೊಲ್ಲುವಂಥದು, ಇನ್ನೊಂದು ಚಳಿಜ್ವರದಿಂದ ಅಸಂಖ್ಯ ಜನರನ್ನು ಉಳಿಸಿದಂಥದು. ಸಸ್ಯವು ಈ ರಸಗಳನ್ನು ನಮಗಾಗಿ ಕೂಡಿಟ್ಟುದಲ್ಲ. ಓಡಿಹೋಗಲಾರದ ಜೀವ ತನ್ನನ್ನು ಮೇಯುವ ಪ್ರಾಣಿಯಿಂದ, ಕೊರೆಯುವ ಕೀಟದಿಂದ, ಕೊಳೆಯಿಸುವ ಸೂಕ್ಷ್ಮಾಣುವಿನಿಂದ ರಕ್ಷಿಸಿಕೊಳ್ಳಲು ಕಟ್ಟಿಕೊಂಡ ಕೋಟೆಯದು. ಅದರಲ್ಲಿ ನಮಗೆ ಒದಗುವುದು ಯಾವುದು, ನಮ್ಮನ್ನೇ ಕೆಡವುವುದು ಯಾವುದು ಎಂದು ವಿವೇಚಿಸುವ ಹೊಣೆ ಮನುಷ್ಯನದು.

ಆ ಹೊಣೆ ಇಂದು ಮೊದಲಿಗಿಂತಲೂ ಭಾರವಾಗಿದೆ. ಒಂದು ಕಾಲದಲ್ಲಿ ತಲೆಬಾಗಿದ ರೋಗಾಣುಗಳು ಮದ್ದಿಗೆ ಮಣಿಯದೆ ನಿಲ್ಲುತ್ತಿವೆ. ಇಂಥ ಬ್ಯಾಕ್ಟೀರಿಯಗಳ ಪ್ರತಿರೋಧದ ನೇರ ಫಲವಾಗಿ 2019ನೆಯ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಮಡಿದರೆಂದು ತಜ್ಞರ ಅಂದಾಜು. ಹೀಗಿರುವಾಗ ಜನರ ಕಣ್ಣು ಮತ್ತೆ ಗಿಡಮರಗಳತ್ತ ಹೊರಳುವುದು ಸಹಜವೇ. ಅದು ಬರಿಯ ಹಂಬಲವಲ್ಲವೆಂಬುದಕ್ಕೆ ಮಲೇರಿಯವೇ ಸಾಕ್ಷಿ. ಮಂಗಳೂರು–ಉಡುಪಿ ಸೀಮೆಯವರಿಗೆ ಈ ಜ್ವರದ ಪರಿಚಯ ಚೆನ್ನಾಗಿಯೇ ಇದೆ. ಕ್ಲೋರೋಕ್ವಿನ್ ಮಾತ್ರೆಗೆ ಬಗ್ಗದ ಮಲೇರಿಯ ಭಾರತದಲ್ಲಿ ಮೊದಲು ಕಂಡುಬಂದುದು 1973ರಲ್ಲಿ, ಅಸ್ಸಾಮಿನಲ್ಲಿ. ಆ ವೇಳೆಗಾಗಲೇ ಚೀನಾದಲ್ಲಿ ತೂ ಯೂಯೂ ಎಂಬ ಮಹಿಳೆ ಹಳೆಯ ವೈದ್ಯಗ್ರಂಥಗಳನ್ನು ಶೋಧಿಸಿದ್ದರು. ಸುಮಾರು 1,600 ವರ್ಷಗಳ ಹಿಂದಿನ ಒಂದು ಗ್ರಂಥ ಮಾಚಿಪತ್ರೆಯ ಜಾತಿಯ ಗಿಡವೊಂದನ್ನು ನೀರಿನಲ್ಲಿ ನೆನೆಸಿ ಹಿಂಡಬೇಕೆಂದಿತ್ತು, ಕುದಿಸಬೇಕೆಂದಿರಲಿಲ್ಲ. ಕಾವಿನಿಂದಲೇ ಸತ್ವ ಕೆಡುತ್ತಿದೆಯೆಂದು ಊಹಿಸಿ, ಆಕೆ ಕಡಿಮೆ ಕಾವಿನಲ್ಲಿ ಸಾರ ತೆಗೆದರು. ಹೀಗೆ ದೊರೆತ ಆರ್ಟೆಮಿಸಿನಿನ್ ಲಕ್ಷಾಂತರ ಜೀವಗಳನ್ನು ಕಾಯಿತು. 2015ರಲ್ಲಿ ಆಕೆಗೆ ನೊಬೆಲ್ ಪಾರಿತೋಷಕ ತಂದಿತು. ಆದರೂ ಕೆಲವೇ ದಶಕಗಳಲ್ಲಿ, ಕಾಂಬೋಡಿಯಾದ ಪಶ್ಚಿಮದ ಗಡಿಯಲ್ಲಿ, ರೋಗಾಣು ಅದನ್ನೂ ಎದುರಿಸಲು ಕಲಿಯಿತು. ಇಂಥ ಪ್ರತಿರೋಧವನ್ನು ತಡೆಯಲೆಂದೇ ಆರ್ಟೆಮಿಸಿನಿನ್ನನ್ನು ಒಂಟಿಯಾಗಿ ಕೊಡದೆ ಇನ್ನೊಂದು ಮದ್ದಿನೊಡನೆ ಕೂಡಿಸಿ ಕೊಡುತ್ತಾರೆ.

ಈ ಜೊತೆಗೂಡುವ ಗುಟ್ಟು ಸಸ್ಯಗಳಿಗೆ ಮೊದಲೇ ತಿಳಿದಂತಿದೆ. ಪಶ್ಚಿಮ ಘಟ್ಟದ ಮರದರಿಶಿನದ ಕಾಂಡವನ್ನು ಕೊಯ್ದರೆ ಕಾಣುವ ಹಳದಿಗೆ ಬರ್ಬೆರಿನ್ ಕಾರಣ. ಹಿಮಾಲಯದ ದಾರುಹರಿದ್ರದಲ್ಲಿಯೂ ಅದೇ ವಸ್ತುವಿದೆ. ಬರ್ಬೆರಿನ್ ಬ್ಯಾಕ್ಟೀರಿಯದ ಒಳಹೊಕ್ಕರೂ ಅಲ್ಲಿ ನೆಲೆನಿಲ್ಲಲಾರದು. ಬಿರುಕುಬಿಟ್ಟ ದೋಣಿಯಲ್ಲಿ ಕುಳಿತ ಕಾಪುವಿನ ಬೆಸ್ತನು ಒಳಬಂದ ನೀರನ್ನು ಮೊಗೆಮೊಗೆದು ಹೊರಚೆಲ್ಲುವಂತೆ, ಬ್ಯಾಕ್ಟೀರಿಯವೂ ತನ್ನ ಮೈಯಲ್ಲಿರುವ ಪಂಪುಗಳಿಂದ ಮದ್ದನ್ನು ಹೊರದೂಡುತ್ತದೆ. ದಾರುಹರಿದ್ರದ ಬಳಗದ ಗಿಡಗಳಲ್ಲಿ ಬರ್ಬೆರಿನ್ನಿಗೆ ಬೆಂಬಲವಾಗಿ ಇನ್ನೊಂದು ವಸ್ತುವೂ ಇದೆಯೆಂದು ಅಮೆರಿಕದ ವಿಜ್ಞಾನಿಗಳು 2000ದಲ್ಲಿ ಪ್ರಕಟಿಸಿದರು. ಅದು ತಾನಾಗಿ ಬ್ಯಾಕ್ಟೀರಿಯವನ್ನು ಕೊಲ್ಲದು. ನೀರು ಮೊಗೆಯುವವನ ಕೈಯನ್ನು ಹಿಡಿದುಬಿಡುತ್ತದೆ, ಅಷ್ಟೆ. ದೋಣಿ ಮುಳುಗುತ್ತದೆ. ಸೋತ ಹಳೆಯ ಮದ್ದುಗಳಿಗೂ ಇಂಥ ಜೊತೆಗಾರರು ಮತ್ತೆ ಬಲ ತಂದಾರೆಂಬ ಆಸೆಯಿಂದ ಸಂಶೋಧನೆ ನಡೆದಿದೆ.

ಆದರೆ ಆ ಜೋಡಿ ಇನ್ನೂ ವೈದ್ಯನ ಕೈಸೇರಿಲ್ಲ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಬ್ಯಾಕ್ಟೀರಿಯದ ನಡುವೆ ಸಸ್ಯಸಾರದ ಹನಿಯಿಟ್ಟಾಗ ಸುತ್ತ ಬರಿದಾದ ವರ್ತುಲ ಮೂಡಿದರೆ ಪ್ರಯೋಗಶಾಲೆಯಲ್ಲಿ ಹರ್ಷವಾಗುತ್ತದೆ. ಅದು ಮೊದಲ ಮೆಟ್ಟಿಲು ಮಾತ್ರ. ತಟ್ಟೆಗೆ ಕರುಳಿಲ್ಲ, ಯಕೃತ್ತಿಲ್ಲ. ಬರ್ಬೆರಿನ್ನನ್ನೇ ನುಂಗಿದರೂ ರಕ್ತಕ್ಕೆ ಸೇರುವುದು ಅತ್ಯಲ್ಪ. ಸಾರ ರೋಗದ ಸ್ಥಳವನ್ನು ತಲುಪಬೇಕು. ರೋಗಾಣುವನ್ನು ಕೊಲ್ಲುವಷ್ಟಿದ್ದು ರೋಗಿಯನ್ನು ನೋಯಿಸದಷ್ಟಿರಬೇಕು. ಹಲವು ವರ್ಷಗಳ ಈ ದಾರಿಯಲ್ಲಿ ಹೆಚ್ಚಿನವು ನಡುವೆಯೇ ಉಳಿದುಬಿಡುತ್ತವೆ.

ಈ ದಾರಿಗೆ ಬೇಕಾದ ಎರಡು ವಿದ್ಯೆಗಳೂ ಉಡುಪಿಯ ಸೀಮೆಯಲ್ಲಿ ನೆರೆಹೊರೆಯಾಗಿವೆ. ಡಾ. ಟಿ. ಎಂ. ಎ. ಪೈಯವರು ಮಣಿಪಾಲದ ಬೋಳುಗುಡ್ಡದ ಮೇಲೆ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ತೆರೆದುದು 1953ರಲ್ಲಿ. ಈಗ ಕುತ್ಪಾಡಿಯಲ್ಲಿರುವ ಉಡುಪಿಯ ಆಯುರ್ವೇದ ಕಾಲೇಜು 1958ರಲ್ಲಿ ಜನ್ಮತಾಳಿತು. ಗಿಡದ ಗುರುತನ್ನು ಬಲ್ಲ ಕಣ್ಣೂ ರೋಗಾಣುವಿನ ಗುರುತನ್ನು ಬಲ್ಲ ಕಣ್ಣೂ ಒಂದನ್ನೊಂದು ನಂಬಿ ನಡೆದರೆ ಲಾಭ ರೋಗಿಗೇ ಅಲ್ಲವೇ?

ಆದರೆ ಮನೆಯೊಳಗೂ ಒಂದು ಕತ್ತಲೆಯಿದೆ. ಮಗುವಿಗೆ ನೆಗಡಿ, ಮೈ ಬೆಚ್ಚಗಿದೆ. ತಾಯಿ ಕಪಾಟಿನ ಮೂಲೆಯಿಂದ ಹೋದ ವರ್ಷ ಉಳಿದ ಮೂರು ಆಂಟಿಬಯೋಟಿಕ್ ಮಾತ್ರೆಗಳನ್ನು ತೆಗೆಯುತ್ತಾಳೆ. ನೆಗಡಿ ವೈರಸ್ಸಿನದು, ಆ ಮಾತ್ರೆ ಅದನ್ನು ಮುಟ್ಟದು. ಬದಲಾಗಿ ಮೈಯಲ್ಲಿರುವ ದುರ್ಬಲ ಬ್ಯಾಕ್ಟೀರಿಯಗಳು ಸತ್ತು, ಬಲಿಷ್ಠವಾದವು ಉಳಿದು ವಂಶ ಬೆಳೆಸುತ್ತವೆ. ಅರೆಕೊರೆ ಪ್ರಮಾಣದ ಪೆನಿಸಿಲಿನ್ ಸೂಕ್ಷ್ಮಾಣುಗಳಿಗೆ ಎದುರಿಸುವ ಪಾಠ ಕಲಿಸುತ್ತದೆಂದು ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ, ನೊಬೆಲ್ ಉಪನ್ಯಾಸದಲ್ಲಿಯೇ, ಎಚ್ಚರಿಸಿದ್ದರು. ಪಕ್ಕದ ಮನೆಯವಳು ಮಾತ್ರೆಯ ಬದಲು ಬೇರೊಂದು ಕಷಾಯವನ್ನು ಕುದಿಸಿ, ಮೂತ್ರದ ಸೋಂಕಿಗೆ ಒಂದು ವಾರ ಅದನ್ನೇ ಕೊಟ್ಟು ವೈದ್ಯರಲ್ಲಿಗೆ ತಡವಾಗಿ ಹೊರಟರೆ, ಅವಳೂ ಎಡವಿದಂತೆಯೇ. ಒಬ್ಬಳು ಮಾತ್ರೆಯನ್ನು ನಂಬಿದಳು, ಇನ್ನೊಬ್ಬಳು ಬೇರನ್ನು ನಂಬಿದಳು. ಇಬ್ಬರೂ ರೋಗದ ಗುರುತನ್ನು ಕೇಳಲಿಲ್ಲ.

ಮುಂದಿನ ಆಟಿಯಲ್ಲಿಯೂ ಹಿರಿಯನು ಹಾಲೆಯ ಮರದ ಬಳಿಗೆ ಹೋಗುತ್ತಾನೆ, ಹೋಗಲಿ. ಜಾಣನಾದವನು ಮುನ್ನಾದಿನವೇ ಹಗಲಲ್ಲಿ ಹೋಗಿ ಎಲೆಗಳನ್ನು ಎಣಿಸಿ, ಹಾಲನ್ನು ನೋಡಿ, ಮರಕ್ಕೊಂದು ಬಳ್ಳಿ ಕಟ್ಟಿ ಬಂದಿರುತ್ತಾನೆ. ಕಪಾಟಿನತ್ತ ಕೈಚಾಚುವ ಮುನ್ನ ಆ ಬಳ್ಳಿಯ ನೆನಪು ಪ್ರತಿಯೊಂದು ಮನೆಯಲ್ಲಿಯೂ ಇದ್ದರೆ, ಇರುವ ಮದ್ದುಗಳ ಆಯುಷ್ಯವೂ ಬರಲಿರುವ ಮದ್ದುಗಳ ಆಯುಷ್ಯವೂ ಹೆಚ್ಚುವುದರಲ್ಲಿ ಸಂದೇಹವಿಲ್ಲ.